ಹೆಳವನ ದಫ್ತರದಲ್ಲಿ ಆಯಿ ಇಲ್ಲ

ಹರಿದ್ವಾರದ ಪಂಡಾಗಳ ಹತ್ತಿರ ನಮ್ಮ ವಂಶಾವಳಿ ನೋಡಬೇಕೆಂದರೆ ಯಾತ್ರೆ ಹೋಗಬೇಕು. ನಮ್ಮ ಚಿಕ್ಕೋಡಿ ಸೀಮೆಯಲ್ಲಿ ವಂಶಾವಳಿಯೇ ಮನೆಗೆ ಬರುತ್ತದೆ. ಸುಗ್ಗಿ ಮುಗಿದ ಮೇಲೆ ಹೆಳವರು ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುತ್ತಿದ್ದರು. ಈಗ ನಮ್ಮೂರಿಗೆ ಬರುವ ಹೆಳವನಿಗೆ ಮೋಟಾರ್ ಸೈಕಲ್ ಇದೆ. ಮೂಲ ಊರು, ಕುಲದೇವರು, ಬೆಡಗು, ಯಾರ ಮಗ ಯಾರು ಎಂಬುದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಹೊಸದಾಗಿ ಹುಟ್ಟಿದವರನ್ನು ದಫ್ತರದಲ್ಲಿ ಬರೆದುಕೊಂಡು, ಜೋಳ, ಬಟ್ಟೆ, ರೊಕ್ಕ ಇಸಿದುಕೊಂಡು ಹೋಗುತ್ತಾನೆ. ಗಡಿಯಾಚೆಯ ಮರಾಠಾ ಮನೆಗಳಿಗೂ ಇವರೇ. ಅಲ್ಲಿ ಹೆಳವಿ ಅನ್ನುತ್ತಾರೆ. ಹೊಲದ ಪಾಲು, ದತ್ತಕದ ತಕರಾರು ಎದ್ದಾಗ ಊರಿನ ಹಿರಿಯರು ಮೊದಲು ತೆಗೆಸುತ್ತಿದ್ದುದೇ ಈ ದಫ್ತರ.

ನನ್ನ ಅಜ್ಜಿ, ನಾವು ಆಯಿ ಅನ್ನುತ್ತಿದ್ದೆವು, ಕಾಗಲ ಕಡೆಯ ಹೆಣ್ಣು. ಅವಳು ಸೊಸೆಯಾಗಿ ಬಂದ ಕಾಲಕ್ಕೆ ಗಡಿಯೇನೋ ಇತ್ತು, ಆದರೆ ಅದು ಭಾಷೆಯದಲ್ಲ. ಕಾಗಲ ಕೊಲ್ಹಾಪುರ ಸಂಸ್ಥಾನದ್ದು, ಇತ್ತ ಕನ್ನಡದ ರಾಯಬಾಗವೂ ಅದೇ ಸಂಸ್ಥಾನದ್ದು. ನಡುವಿನ ಚಿಕ್ಕೋಡಿ ಬ್ರಿಟಿಷರ ಮುಂಬಯಿ ಪ್ರಾಂತದ್ದು. 1949ರಲ್ಲಿ ಸಂಸ್ಥಾನ ಮುಂಬಯಿಯಲ್ಲಿ ಸೇರಿತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು, ಆಯಿಯ ತವರು ಆಚೆಗೇ ಉಳಿಯಿತು. 1967ರಲ್ಲಿ ಮಹಾಜನ ಆಯೋಗ ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೂ ಜತ್ತ, ಅಕ್ಕಲಕೋಟೆಗಳನ್ನು ಮೈಸೂರಿಗೂ ಕೊಡಿರಿ ಎಂದಿತು. ಎರಡೂ ಆಗಲಿಲ್ಲ. ಆಯಿ ಮಾತ್ರ ಯಾವ ಆಯೋಗಕ್ಕೂ ಕಾಯದೆ ನಮ್ಮನ್ನು ಮರಾಠಿಯಲ್ಲಿ ಬೈದು, ದನಗಳನ್ನು ಕನ್ನಡದಲ್ಲಿ ಮಾತಾಡಿಸುತ್ತಿದ್ದಳು. ನಾವು ಕನ್ನಡ ಸಾಲೆಗೆ ಹೋಗಿಬಂದು ಮರಾಠಿಯಲ್ಲಿ ಊಟ ಕೇಳುತ್ತಿದ್ದೆವು.

ಮನೆಯ ಟ್ರಂಕಿನಲ್ಲಿ ಹೊಲದ ಹಳೆಯ ಕಾಗದಗಳಿವೆ. ಅವು ಮರಾಠಿಯ ಮೋಡಿ ಲಿಪಿಯವು, ಊರಲ್ಲಿ ಓದಬಲ್ಲವರಿಲ್ಲ. ಒಬ್ಬ ಬಲ್ಲವರಿಂದ ಓದಿಸಿದೆ: ಅಜ್ಜ, ಮುತ್ತಜ್ಜ, ಅವರ ಸಾಲ. ಹೆಳವನ ದಫ್ತರ ಕನ್ನಡದ್ದು. ಅದರಲ್ಲಿಯೂ ಅಜ್ಜ, ಮುತ್ತಜ್ಜ. ಲಿಪಿ ಎರಡಾದರೂ ಗಂಡಸರು ಅವರೇ.

ಕಳೆದ ಸಲ ಹೆಳವ ಬಂದಾಗ ನನ್ನ ಮಗಳ ಹೆಸರು ಬರಿ ಎಂದೆ.

"ಹೆಣ್ಮಕ್ಕಳನ್ನ ಬರಿಯೂದಿಲ್ರಿ ಅಣ್ಣಾರ. ಆಕಿ ಹೋದ ಮನಿ ಹೆಳವ ಬರಕೋತಾನ."

"ಹಂಗಾರ ನಮ್ಮ ಮನಿಗೆ ಬಂದ ಆಯಿ ಎಲ್ಲಿ ಅದಾಳಪಾ?"

ಅವನು ಪುಟ ತಿರುವಿದ, ಮತ್ತೆ ತಿರುವಿದ. ಕಡೆಗೆ ಚಹಾ ಕೇಳಿದ.

ಅವನ ಮೇಲೆ ನನಗೆ ಸಿಟ್ಟಿಲ್ಲ. ತಲೆತಲಾಂತರದಿಂದ ಮನೆಯ ಯಜಮಾನರು ಹೇಳಿದ್ದನ್ನೇ ಅವರು ಬರೆದುಕೊಂಡಿದ್ದಾರೆ. ಆದರೆ ನಮ್ಮ ಮನೆಗೆ ಎರಡನೆಯ ಭಾಷೆ ಬಂದದ್ದು ಸೊಸೆಯ ಜೊತೆ. ಅವಳನ್ನು ಬಿಟ್ಟು ಬರೆದ ವಂಶಾವಳಿ ಓದಿದರೆ, ಈ ಮನೆಯಲ್ಲಿ ಯಾರೂ ಎಂದೂ ಮರಾಠಿ ಆಡಿಯೇ ಇಲ್ಲ ಅನಿಸುತ್ತದೆ. ಚಹಾ ಕುಡಿದಾದ ಮೇಲೆ ಪಕ್ಕದ ಖಾಲಿ ಜಾಗದಲ್ಲಿ ಆಯಿಯ ಹೆಸರು, ಅವಳ ತವರೂರು, ಕೆಳಗೆ ಮಗಳ ಹೆಸರು ಬರೆಸಿದೆ.

ಅಥಣಿ, ಕಾಗವಾಡ, ರಾಯಬಾಗ ಕಡೆಯ ಓದುಗರೇ, ಈ ಸಲ ಹೆಳವರು ಬಂದರೆ ಜೋಳ ಅಳೆಯುವ ಮೊದಲೇ ಮನೆಯ ಹೆಂಗಸರ ಹೆಸರು ಬರೆಸಿರಿ. ಅದಕ್ಕೆ ಒಂದು ಪಾಯಲಿ ಹೆಚ್ಚು ಕೇಳಿದರೆ ಚೌಕಾಸಿ ಮಾಡದೆ ಕೊಡಿರಿ.