ಗಂಜಿ ಹಾಕಿದ ಪರಕಾರ

ಡೋಣಿಯ ನಮ್ಮ ಮನೆಯಲ್ಲಿ ಅನ್ನದ ಗಂಜಿ ಚೆಲ್ಲುತ್ತಿರಲಿಲ್ಲ. ಅವ್ವ ಅದನ್ನು ಸೋಸಿ, ಸೀರೆಯೊಳಗೆ ತೊಡುವ ಪರಕಾರವನ್ನು ಅದ್ದಿ ಒಣಹಾಕುತ್ತಿದ್ದಳು. ಪರಕಾರ ಸೆಟೆದು ನಿಂತರೆ ಸೀರೆ ಕಾಲಿಗೆ ತೊಡರುವುದಿಲ್ಲ, ನಿರಿಗೆ ಚೆಂದ ಕೂಡುತ್ತದೆ.

ಒಮ್ಮೆ ಜಾತ್ರೆಗೆ ಹೊರಟವಳು ಹಾಗೇ ಒಲೆ ಮುಂದೆ ಕುಳಿತಳು. ಅಂಚಿಗೆ ಕಿಡಿ ಹತ್ತಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ನಾನು ಓಡಿಹೋಗಿ ನೀರು ಸುರಿದೆ.

ಯುರೋಪಿನಲ್ಲೂ ಇದೇ ಕಥೆ ಎಂದು ಮುಂದೆ ಓದಿದೆ. ಫ್ರೆಂಚಿನಲ್ಲಿ ಕುದುರೆ ಕೂದಲಿಗೆ ‘ಕ್ರಿನ್’ ಎನ್ನುತ್ತಾರೆ. ಅದನ್ನು ಸೇರಿಸಿ ನೇಯ್ದ ಬಿರುಸು ಲಂಗವೇ ‘ಕ್ರಿನೋಲಿನ್’. 1856ರ ಹೊತ್ತಿಗೆ ಉಕ್ಕಿನ ಬಳೆಗಳ ಪಂಜರ ಬಂತು. ಭಾರ ಇಳಿಯಿತು, ಅಗಲ ಹೆಚ್ಚಿತು. ಮೈಯಿಂದ ದೂರ ನಿಂತ ಅಂಚಿಗೆ ಬೆಂಕಿ ತಗುಲಿ ಎಷ್ಟೋ ಹೆಣ್ಣುಮಕ್ಕಳು ಸತ್ತರು.

ಅವ್ವ ಗಂಜಿ ಬಿಟ್ಟಿಲ್ಲ. ಒಲೆ ಮುಂದೆ ಮಾತ್ರ ಹಳೇ ಮೆತ್ತನೆಯ ಪರಕಾರ. ‘ಚೆಂದ ಜಾತ್ರಿಗಿರಲಿ, ಒಲಿ ಮುಂದ ಯಾಕ ಬೇಕು?’ ಅಂತಾಳೆ.