ಗೋಡೆಯೊಳಗಿನ ಎರಡೆಳೆ

"ಇದೆಲ್ಲ ಸ್ಕ್ರ್ಯಾಪು ಮೇಡಂ, ಕಟ್ ಮಾಡ್ಬಿಡ್ಲಾ?"

ಬೆಳಿಗ್ಗೆ ಎಂಟೂವರೆಗೆ, ಒಲೆಯ ಮೇಲೆ ಹಾಲು ಉಕ್ಕಲು ಅಣಿಯಾಗಿದ್ದಾಗ, ನಡುಮನೆಯಿಂದ ಈ ಮಾತು ಕೇಳಿಸಿತು. ಹಿಂದಿನ ರಸ್ತೆಯ ಮನೆಯೊಂದರಲ್ಲಿ ಕಳ್ಳತನವಾದ ಮೇಲೆ ನಮ್ಮ ಮನೆಯವರು ಯಾವುದೋ ಕಂಪನಿಗೆ ಫೋನ್ ಮಾಡಿದ್ದರು. ಅಲ್ಲಿಂದ ಬಂದ ಹುಡುಗ ಮೆಟ್ಟಿಲ ಕೆಳಗಿನ ಗೂಡಿನಲ್ಲಿದ್ದ ತಗಡಿನ ಪೆಟ್ಟಿಗೆ ತೆರೆದು, ಅದರೊಳಗಿನ ಹತ್ತು ಹನ್ನೆರಡು ವೈರುಗಳನ್ನು ಎಡಗೈಯಲ್ಲಿ ಜುಟ್ಟು ಹಿಡಿದ ಹಾಗೆ ಹಿಡಿದು, ಬಲಗೈಯಲ್ಲಿ ಕಟಿಂಗ್ ಪ್ಲೇಯರ್ ಎತ್ತಿಕೊಂಡು ನಿಂತಿದ್ದ. ಗ್ಯಾಸ್ ಆರಿಸದೆ ಓಡಿದೆ. ಹಾಲು ಉಕ್ಕಿ ಹೋಯಿತು. ವೈರು ಉಳಿಯಿತು.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಕಲಿಸಿದ್ದು ಅಷ್ಟೇ. ಕಾಫಿ ಕೊಟ್ಟು ಕಳಿಸಿದೆ. ಸಿಟ್ಟು ಬಂದದ್ದು ಆ ‘ಸ್ಕ್ರ್ಯಾಪು’ ಎಂಬ ಮಾತಿನ ಮೇಲೆ. ಮೂರು ವಾರವಾದರೂ ಅದು ಆರಿಲ್ಲ.

ಆ ವೈರುಗಳನ್ನು ಎಳೆದವರು ನಮ್ಮ ಮಾವನವರು. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಟಿಐ ದೂರವಾಣಿ ಕಾರ್ಖಾನೆಯಲ್ಲಿ ಕೆಲಸ ಕಲಿತು, ಅಲ್ಲೇ ನಿವೃತ್ತರಾದವರು. 1986ರಲ್ಲಿ ಈ ಮನೆ ಕಟ್ಟಿಸುವಾಗ ಗಾರೆ ಹಾಕುವ ಮುಂಚೆಯೇ ಗೋಡೆಯೊಳಗೆ ಪೈಪು ಹೂಳಿಸಿ, ಪ್ರತಿ ಬಾಗಿಲಿಗೂ ಪ್ರತಿ ಕಿಟಕಿಗೂ ಎರಡೆರಡು ಎಳೆ ತಂತಿ ಒಯ್ದಿದ್ದರು. ಅದಕ್ಕೆ ಅವರಿಟ್ಟ ಹೆಸರು ‘ಎಚ್ಚರಗಂಟೆ’. ಅದರದೊಂದು ನೋಟುಬುಕ್ಕೂ ಇದೆ. ಮುಂಬಾಗಿಲು ಕೆಂಪು-ಕಪ್ಪು, ಹಿತ್ತಿಲ ಬಾಗಿಲು ಹಳದಿ-ಕಪ್ಪು, ಅಡುಗೆಮನೆಯ ಕಿಟಕಿಗಳು ನೀಲಿ-ಬಿಳಿ ಎಂದು ದುಂಡಗಿನ ಅಕ್ಷರದಲ್ಲಿ ಬರೆದು, ಯಾವ ಗೋಡೆಯಲ್ಲಿ ನೆಲದಿಂದ ಎಷ್ಟು ಎತ್ತರಕ್ಕೆ ಪೈಪು ಹೋಗಿದೆ ಎಂದು ಚಿತ್ರ ಹಾಕಿದ್ದಾರೆ. ಪೆಟ್ಟಿಗೆಯನ್ನು 1998ರಲ್ಲಿ ಒಮ್ಮೆ ಬದಲಿಸಿದರು. ವೈರು ಮುಟ್ಟಲಿಲ್ಲ.

ಕ್ಯಾಮೆರಾ ಹಾಕಿಸಬೇಕು, ಗಟ್ಟಿ ಬೀಗ ಇರಬೇಕು, ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಹೇಳಿ ಹೋಗಬೇಕು, ಇವೆಲ್ಲ ಎಲ್ಲರಿಗೂ ಗೊತ್ತಿರುವ ವಿಷಯ. ಕ್ಯಾಮೆರಾದ ಬಗ್ಗೆ ಒಂದೇ ಮಾತು: ನಮ್ಮ ರಸ್ತೆಯಲ್ಲಿ ಅದನ್ನು ಹಾಕಿಸಿದವರೆಲ್ಲ ಅದನ್ನು ನೋಡುವುದು ಮರುದಿನ ಬೆಳಿಗ್ಗೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಕಳ್ಳ ಹೊಸ್ತಿಲ ಮೇಲಿರುವಾಗಲೇ ಕೂಗುವುದು ಗಂಟೆಯ ಕೆಲಸ.

ಆ ಗಂಟೆ ಹೇಗೆ ಕೂಗುತ್ತದೆ ಎನ್ನುವುದನ್ನು ಮಾವನವರು ನನಗೆ ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡು ತೋರಿಸಿದ್ದರು. ಬಾಗಿಲ ಪಡಿಯ ಮೇಲಂಚಿನಲ್ಲಿ ಒಂದು ಅಯಸ್ಕಾಂತದ ತುಂಡು. ಎದುರಿಗೆ ಚೌಕಟ್ಟಿನೊಳಗೆ ಬೆಂಕಿಕಡ್ಡಿಯಷ್ಟು ಸಣ್ಣ ಗಾಜಿನ ನಳಿಗೆ. ಅದರೊಳಗೆ ಕೂದಲೆಳೆಯಷ್ಟು ಅಂತರದಲ್ಲಿ ಎರಡು ತೆಳು ಲೋಹದ ಪಟ್ಟಿ. ಬಾಗಿಲು ಮುಚ್ಚಿದಾಗ ಅಯಸ್ಕಾಂತ ಹತ್ತಿರ ಬಂದು ಪಟ್ಟಿಗಳು ಒಂದನ್ನೊಂದು ಮುಟ್ಟುತ್ತವೆ, ಕರೆಂಟು ಹರಿಯುತ್ತದೆ. ಬಾಗಿಲು ತೆರೆದರೆ ಕೈ ಬಿಡುತ್ತವೆ. ಇದಕ್ಕೆ ರೀಡ್ ಸ್ವಿಚ್ಚು ಎನ್ನುತ್ತಾರೆ. 1936ರಲ್ಲಿ ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಶಾಲೆಯಲ್ಲಿ ವಾಲ್ಟರ್ ಎಲ್‌ವುಡ್ ಎನ್ನುವವರು ಕಂಡುಹಿಡಿದದ್ದು. ಹೀಗಾಗಿ ದೂರವಾಣಿಯವರಾದ ಮಾವನವರಿಗೆ ಅದು ಮನೆಯ ಮಗುವಿನಷ್ಟು ಪರಿಚಿತ. ಗಾಳಿ ಸೋಕದಂತೆ ಗಾಜಿನೊಳಗೆ ಮುಚ್ಚಿಟ್ಟ ಆ ಪಟ್ಟಿಗಳಿಗೆ ತುಕ್ಕು ಹಿಡಿಯುವುದಿಲ್ಲ. ನಲವತ್ತು ವರ್ಷ ಹತ್ತಿರವಾಯಿತು, ನಮ್ಮ ಮುಂಬಾಗಿಲಿನದು ಇನ್ನೂ ಅದೇ.

ಇಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ಹೇಳದೆ ನಾನು ಮುಂದೆ ಹೋಗಲಾರೆ. ಬಾಗಿಲು ತೆರೆದಾಗ ಕರೆಂಟು ಹರಿಯುವಂತೆ ಮಾಡಿದ್ದರೂ ಗಂಟೆ ಬಾರಿಸಬಹುದಿತ್ತಲ್ಲ? ಬಹುದು. 1853ರಲ್ಲಿ ಬಾಸ್ಟನ್ ಪಕ್ಕದ ಸಾಮರ್‌ವಿಲ್ ಊರಿನ ಆಗಸ್ಟಸ್ ರಸೆಲ್ ಪೋಪ್ ಎಂಬ ಪಾದ್ರಿ ವಿದ್ಯುತ್ತಿನ ಕಳ್ಳಗಂಟೆಗೆ ಪೇಟೆಂಟು ಪಡೆದಾಗ ಮಾಡಿದ್ದು ಹಾಗೆಯೇ. ಬಾಗಿಲು ತೆರೆದರೆ ತಂತಿಗಳು ಕೂಡಿ ಗಂಟೆ ಬಾರಿಸುತ್ತಿತ್ತು. ನಾಲ್ಕು ವರ್ಷದ ಮೇಲೆ ಎಡ್ವಿನ್ ಹೋಮ್ಸ್ ಎಂಬಾತ ಆ ಹಕ್ಕನ್ನು ಕೊಂಡು ನ್ಯೂಯಾರ್ಕಿಗೆ ಒಯ್ದು ದೊಡ್ಡ ವ್ಯಾಪಾರವನ್ನೇ ಕಟ್ಟಿದ. ಆದರೆ ಅಂಥ ತಂತಿಯನ್ನು ಕಳ್ಳ ಕತ್ತರಿಸಿಬಿಟ್ಟರೆ? ಮೌನ. ಇಲಿ ಕಡಿದರೆ? ಮೌನ. ಮನೆಯವರು ಎಲ್ಲ ಸರಿಯಾಗಿದೆ ಎಂದುಕೊಂಡೇ ಮಲಗಿರುತ್ತಾರೆ.

ಮಾವನವರ ತಂತಿ ಹಾಗಲ್ಲ. ಅದರಲ್ಲಿ ಹಗಲೂ ರಾತ್ರಿ ಒಂದಿಷ್ಟು ಕರೆಂಟು ಸುತ್ತುತ್ತಲೇ ಇರಬೇಕು. ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಇನ್ನೊಂದು ಕಿಟಕಿಗೆ ಹೋಗಿ ಪೆಟ್ಟಿಗೆಗೆ ಮರಳಿ ಬಂದು ‘ಎಲ್ಲ ಮುಚ್ಚಿದೆ’ ಎನ್ನುತ್ತಿರಬೇಕು. ಆ ಸುತ್ತು ಎಲ್ಲಿ ತುಂಡಾದರೂ, ಕಳ್ಳನಿಂದಲೋ ಅಳಿಲಿನಿಂದಲೋ ಸಡಿಲ ಸ್ಕ್ರೂವಿನಿಂದಲೋ, ಪೆಟ್ಟಿಗೆ ಕೂಗುತ್ತದೆ. ಕೆಟ್ಟಾಗ ಬಾಯಿ ಮುಚ್ಚಿಕೊಳ್ಳುವ ಯಂತ್ರ ಒಂದು, ಕೆಟ್ಟೆನೆಂದು ತಾನೇ ಹೇಳುವ ಯಂತ್ರ ಇನ್ನೊಂದು. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು. ಜಾಣ ಕಳ್ಳ ತಂತಿಯನ್ನು ಕತ್ತರಿಸದೆ ನಡುವೆಯೇ ಎರಡೆಳೆಯನ್ನೂ ಜೋಡಿಸಿ ಪೆಟ್ಟಿಗೆಗೆ ಮೋಸ ಮಾಡಬಹುದು, ಅದಕ್ಕೂ ಮದ್ದಿದೆ. ಸುತ್ತಿನ ತುತ್ತತುದಿಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದೊಂದು ರೆಸಿಸ್ಟರ್ ಕೂರಿಸುತ್ತಾರೆ. ಅದರ ತಡೆ ಇಷ್ಟು ಓಮ್ ಎಂದು ಪೆಟ್ಟಿಗೆಗೆ ಗೊತ್ತು. ಕಡಿಮೆಯಾದರೂ ಕೂಗು, ಹೆಚ್ಚಾದರೂ ಕೂಗು. ಅದು ಇರಬೇಕಾದದ್ದು ಕೊನೆಯ ಕಿಟಕಿಯ ಬಳಿ. ಎಷ್ಟೋ ಮಂದಿ ಕೆಲಸ ಬೇಗ ಮುಗಿಯಲೆಂದು ಅದನ್ನು ಪೆಟ್ಟಿಗೆಯೊಳಗೇ ಸಿಕ್ಕಿಸಿ ಹೋಗುತ್ತಾರೆ. ಅಲ್ಲಿ ಅದು ಇದ್ದೂ ಇಲ್ಲದಂತೆ. ನಿಮ್ಮ ಮನೆಯಲ್ಲಿ ಎಲ್ಲಿದೆ ಎಂದು ಒಮ್ಮೆ ತೆಗೆದು ನೋಡಿ.

ಮೂವತ್ತು ವರ್ಷ ಕನ್ನಡ ಪಾಠ ಹೇಳಿದವಳು ನಾನು. ಕಳ್ಳತನ ಅಂದ ಕೂಡಲೇ ಶೂದ್ರಕನ ‘ಮೃಚ್ಛಕಟಿಕ’ದ ಶರ್ವಿಲಕ ಎದ್ದು ಬರುತ್ತಾನೆ. ಮೂರನೆಯ ಅಂಕದಲ್ಲಿ ಅವನು ಚಾರುದತ್ತನ ಗೋಡೆಯ ಮುಂದೆ ನಿಂತು, ಕನ್ನವನ್ನು ಯಾವ ಆಕಾರದಲ್ಲಿ ಕೊರೆಯಲಿ ಎಂದು ಶಾಸ್ತ್ರ ವಿಚಾರ ಮಾಡುತ್ತಾನೆ. ಕಮಲದಂತೆಯೋ, ಬಾಲಚಂದ್ರನಂತೆಯೋ? ಸುಟ್ಟ ಇಟ್ಟಿಗೆಯ ಗೋಡೆಗೆ ಪೂರ್ಣಕುಂಭವೇ ಸರಿ ಎಂದು ನಿರ್ಧರಿಸುತ್ತಾನೆ. ಅಳತೆಯ ದಾರ ಮರೆತು ಬಂದದ್ದಕ್ಕೆ ಜನಿವಾರದಲ್ಲೇ ಅಳೆಯುತ್ತಾನೆ. ಬೆಳಿಗ್ಗೆ ಎದ್ದ ಚಾರುದತ್ತ ಆ ಕನ್ನದ ಅಂದವನ್ನೇ ಮೆಚ್ಚುತ್ತಾನೆ. ಸಂಸ್ಕೃತದಲ್ಲಿ ಈ ಕನ್ನಕ್ಕೆ ಹೆಸರು ‘ಸಂಧಿ’. ಲೋಪ, ಆಗಮ, ಆದೇಶ ಎಂದು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ ಅದೇ ಸಂಧಿ. ಎರಡು ಕೂಡುವ ಜಾಗಕ್ಕೂ ಕಳ್ಳ ನುಗ್ಗುವ ಜಾಗಕ್ಕೂ ಒಂದೇ ಪದ! ಪದ ಕೊಟ್ಟವರು ಮನೆ ಕಟ್ಟುವುದನ್ನು ಚೆನ್ನಾಗಿ ಬಲ್ಲವರಿರಬೇಕು.

ಕೂಡುವ ಜಾಗವೇ ನುಗ್ಗುವ ಜಾಗ ಎನ್ನುವುದು ತಂತಿಯ ವಿಷಯದಲ್ಲೂ ಅಕ್ಷರಶಃ ನಿಜವೆಂದು ಕಳೆದ ಮೂರು ವಾರದಲ್ಲಿ ಕಂಡೆ. ನಮ್ಮ ಬಡಾವಣೆಯ ಎಲೆಕ್ಟ್ರಿಷಿಯನ್ ಅಣ್ಣನೂ ನಾನೂ ಕೂತು, ಮಾವನವರ ಮುಳ್ಳಿನ ಮಲ್ಟಿಮೀಟರಿಗೆ ಹೊಸ ಸೆಲ್ಲು ಹಾಕಿ, ಆರು ಸುತ್ತನ್ನೂ ಅಳೆದೆವು. ಪೆಟ್ಟಿಗೆಯಿಂದ ವೈರು ಬಿಚ್ಚಿ, ಬಾಗಿಲು ಕಿಟಕಿ ಎಲ್ಲ ಮುಚ್ಚಿ, ಕೊನೆಯ ರೆಸಿಸ್ಟರನ್ನು ಬದಿಗಿಟ್ಟು ನೋಡಿದರೆ, ನಾಲ್ಕು ಸುತ್ತುಗಳಲ್ಲಿ ಮುಳ್ಳು ನಾಲ್ಕೈದು ಓಮಿಗೆ ಬಂದು ಅಲುಗಾಡದೆ ನಿಂತಿತು. ಅಷ್ಟು ಉದ್ದದ ತೆಳು ತಾಮ್ರಕ್ಕೆ ಅದೇ ಸರಿಯಾದ ಲೆಕ್ಕ. ಐದನೆಯದು ನಲವತ್ತರ ಆಚೀಚೆ ನಡುಗುತ್ತಿತ್ತು. ಆರನೆಯದರಲ್ಲಿ ಮುಳ್ಳು ಏಳಲೇ ಇಲ್ಲ. ಹುಡುಕಿದರೆ ಐದನೆಯದರ ರೋಗ ಅಡುಗೆಮನೆಯ ಕಿಟಕಿಯ ಬಳಿ, ಒಗ್ಗರಣೆಯ ಹೊಗೆ ಕುಡಿದು ಹಸಿರುಗಟ್ಟಿದ ಒಂದು ಸ್ಕ್ರೂವಿನಲ್ಲಿತ್ತು. ಆರನೆಯದು ಹಿತ್ತಿಲ ಬಾಗಿಲು: ಯಾವಾಗಲೋ ಬಡಗಿ ಚೌಕಟ್ಟಿಗೆ ಸುತ್ತಿಗೆ ಹಾಕಿದಾಗ ಗಾಜಿನ ನಳಿಗೆ ಒಡೆದಿತ್ತು. ಗೋಡೆಯೊಳಗಿನ ತಂತಿ ಮಾತ್ರ ಎಲ್ಲೂ ಸತ್ತಿರಲಿಲ್ಲ. ಕೆಟ್ಟದ್ದೆಲ್ಲ ಸಂಧಿಯಲ್ಲೇ. ಒಂದು ಊಟದ ಬೆಲೆಗಿಂತ ಕಡಿಮೆಗೆ ಎಸ್.ಪಿ. ರೋಡಿನ ಬಿಡಿಭಾಗದ ಅಂಗಡಿಯಲ್ಲಿ ಹೊಸ ಸ್ವಿಚ್ಚು ಸಿಕ್ಕಿತು.

ಪೆಟ್ಟಿಗೆ ಹೋಗಿತ್ತು, ಒಪ್ಪಿಕೊಳ್ಳಬೇಕು. ಅದರೊಳಗಿನ 12 ವೋಲ್ಟಿನ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಅಂಥ ಬ್ಯಾಟರಿಯ ಆಯಸ್ಸೇ ಮೂರರಿಂದ ಐದು ವರ್ಷ. ಅದನ್ನು ಲೆಕ್ಕವಿಟ್ಟು ಬದಲಿಸಬೇಕು. ಹೊಸ ಪೆಟ್ಟಿಗೆಗೆ, ಇಂಥ ತಂತಿ ಸೇರಿಸಲು ಜಾಗವಿರುವ, ಅಂದರೆ ‘ವೈರ್ಡ್ ಜೋನ್’ ಇರುವ ಪ್ಯಾನೆಲ್ಲೇ ಬೇಕೆಂದು ಪಟ್ಟು ಹಿಡಿದು ಕೇಳಿದೆವು, ಸಿಕ್ಕಿತು. ಅದೇ ಹಳೆಯ ಎರಡೆಳೆಗಳು ಈಗ ಅದಕ್ಕೆ ಹೋಗಿ ಸೇರಿವೆ. ಗಂಟೆ ಬಾರಿಸಿದರೆ ಫೋನಿಗೂ ಸುದ್ದಿ ಬರುತ್ತದೆ. ಪೆಟ್ಟಿಗೆಗಳು ಹೀಗೆ ಬಂದು ಹೋಗುವಂಥವು. ಅಮೆರಿಕದಲ್ಲಿ 2022ರಲ್ಲಿ ಫೋನ್ ಕಂಪನಿಗಳು 3ಜಿ ನಿಲ್ಲಿಸಿದಾಗ, ಅದರ ಮೂಲಕವೇ ಸುದ್ದಿ ಕಳಿಸುತ್ತಿದ್ದ ಮನೆ ಅಲಾರಮ್ಮುಗಳ ಆ ಭಾಗವನ್ನೆಲ್ಲ ಬದಲಿಸಬೇಕಾಯಿತು. ಚಿಕಾಗೋದಲ್ಲಿರುವ ನಮ್ಮ ನಾದಿನಿಯ ಮನೆಯಲ್ಲೂ ಹಾಗೇ ಆಯಿತು. ಅಲ್ಲಿಯೂ ಗೋಡೆಯೊಳಗಿನ ತಂತಿ ಬದಲಿಸಬೇಕಾಗಲಿಲ್ಲ.

ಶರ್ವಿಲಕನ ಬಗ್ಗೆ ಇನ್ನೊಂದು ಮಾತು ಉಳಿದಿದೆ. ಒಳಗೆ ನುಸುಳಿದ ಮೇಲೆ, ತಪ್ಪಿಸಿಕೊಳ್ಳಲು ದಾರಿ ಇರಲೆಂದು ಅವನು ಕದ ತೆರೆಯಹೋಗುತ್ತಾನೆ. ಮನೆ ಹಳೆಯದು, ಕದ ಕಿರುಗುಟ್ಟುತ್ತದೆ. ನೀರು ಹುಡುಕಿ ತಂದು ಚಿಮುಕಿಸುತ್ತಾನೆ. ಆ ಸಾಲುಗಳಿಗೆ ಬಂದಾಗಲೆಲ್ಲ ನನಗೆ ಮಲೆನಾಡಿನ ನಮ್ಮ ಅಜ್ಜಿಮನೆ ನೆನಪಾಗುತ್ತಿತ್ತು. ಅಲ್ಲಿ ಹಿಂಬಾಗಿಲಿನ ಕೀಲಿಗೆ ಎಣ್ಣೆ ಹಾಕಲು ಅಜ್ಜಿ ಯಾರಿಗೂ ಬಿಡುತ್ತಿರಲಿಲ್ಲ. ರಾತ್ರಿ ಲಾಳವಿಂಡಿಗೆ ಎಳೆದ ಸದ್ದಿನಿಂದಲೇ, ಎದ್ದು ಹೋದದ್ದು ಅಜ್ಜನೋ ಚಿಕ್ಕಪ್ಪನೋ ಎಂದು ಮಲಗಿದಲ್ಲಿಂದಲೇ ಹೇಳುತ್ತಿದ್ದಳು. ನಮ್ಮ ಎಷ್ಟೋ ಗುಡಿಗಳಲ್ಲಿ ಗರ್ಭಗುಡಿಯ ಕದದ ತುಂಬ ಪುಟ್ಟ ಗಂಟೆಗಳ ಸಾಲು ಇರುತ್ತದೆ. ಪೂಜೆಯವರು ತೆರೆದರೂ ಅವು ಗಲಗಲಿಸುತ್ತವೆ, ಕಳ್ಳ ತೆರೆದರೂ ಗಲಗಲಿಸುತ್ತವೆ.

ಬಂದವರು ಯಾರು, ಒಳಗೆ ಬಂದರೋ ಹೊರಗೆ ಹೋದರೋ ಎನ್ನುವುದು ಕದಕ್ಕೆ ಗೊತ್ತಿಲ್ಲ. ಇದು ನನಗೆ ಅರ್ಥವಾದದ್ದು 2009ರಲ್ಲಿ. ನಮ್ಮ ಅತ್ತೆಯವರಿಗೆ ಆಗ ಮರೆವಿನ ಕಾಯಿಲೆ ಶುರುವಾಗಿತ್ತು. ಒಂದು ಮಳೆಯ ರಾತ್ರಿ ಎರಡೂವರೆಗೆ ಎಚ್ಚರಗಂಟೆ ಬಡಿದುಕೊಂಡಿತು. ಕಳ್ಳ ಎಂದು ದೊಣ್ಣೆ ಹಿಡಿದು ಓಡಿ ಬಂದರೆ ಮುಂಬಾಗಿಲು ಹಾರುಹೊಡೆದಿತ್ತು. ಅತ್ತೆಯವರು ಗೇಟಿನ ಬಳಿ ಕೊಡೆ ಬಿಚ್ಚಿಕೊಂಡು ನಿಂತಿದ್ದರು. "ಮಳೆ ಬರ್ತಿದೆ, ಸ್ಕೂಲಿಂದ ಮಗೂನ ಕರ್ಕೊಂಡು ಬರ್ಬೇಕು ಕಣಮ್ಮ" ಎಂದರು. ಆ ಮಗು, ಐವತ್ತು ದಾಟಿದ ನಮ್ಮ ಮನೆಯವರು, ದೊಣ್ಣೆ ಕೆಳಗಿಟ್ಟು, "ಬಂದೆ ಅಮ್ಮ, ಬಾ" ಎಂದು ಕೈ ಹಿಡಿದು ಒಳಗೆ ಕರೆತಂದರು.

ಮಾರನೆಯ ದಿನವೇ ಮಾವನವರು ಪೆಟ್ಟಿಗೆಯಲ್ಲಿ ಏನೋ ಬದಲಾಯಿಸಿದರು. ರಾತ್ರಿ ಮುಂಬಾಗಿಲು ತೆರೆದರೆ ದೊಡ್ಡ ಗಂಟೆಯ ಬದಲು ನಮ್ಮ ಕೋಣೆಯಲ್ಲಿ ಮಾತ್ರ ‘ಟಿಂಗ್’ ಎಂದು ಮೆಲ್ಲಗೆ ಸದ್ದಾಗುವಂತೆ ಮಾಡಿದರು, ಅತ್ತೆಯವರು ಬೆಚ್ಚಬಾರದೆಂದು. ಐದು ವರ್ಷ ನಾವು ಆ ಟಿಂಗಿಗೆ ಏಳುತ್ತಿದ್ದೆವು. ಅವರು ಒಮ್ಮೆಯೂ ಗೇಟು ದಾಟಿ ಹೋಗಲಿಲ್ಲ. 2014ರಲ್ಲಿ ಅತ್ತೆಯವರು ಹೋದರು, ಆರು ತಿಂಗಳಿಗೆ ಮಾವನವರೂ. ಮುಂದಿನ ವರ್ಷ ಬ್ಯಾಟರಿ ಸತ್ತಾಗ ಯಾರಿಗೂ ಅದನ್ನು ಬದಲಿಸುವ ಮನಸ್ಸಾಗಲಿಲ್ಲ. ಆ ಹುಡುಗ ಕಟಿಂಗ್ ಪ್ಲೇಯರ್ ಎತ್ತುವ ತನಕ ಅದು ಹಾಗೇ ಇತ್ತು.

ಹೊಸ ಪ್ಯಾನೆಲ್ಲಿನಲ್ಲೂ ಟಿಂಗ್ ಇದೆ. ಹಾಕಿಸಿದ್ದೇನೆ.

ನಿಮ್ಮ ಮನೆಯ ಗೋಡೆಯಲ್ಲೂ ಹೀಗೆ ಹಿಂದಿನವರು ಎಳೆದ ತಂತಿ ಇರಬಹುದು. ಬಣ್ಣ ಹೊಡೆಸುವಾಗ, ಬಾಗಿಲು ಬದಲಿಸುವಾಗ, ಯಾರೋ ಬಂದು ಸ್ಕ್ರ್ಯಾಪು ಎಂದಾಗ, ದಯವಿಟ್ಟು ಕತ್ತರಿಸಲು ಬಿಡಬೇಡಿ. ಒಮ್ಮೆ ಅಳೆದು ನೋಡಿ. ಈಗ ಬೇಡವೆನಿಸಿದರೆ ತುದಿಗಳಿಗೆ ಟೇಪು ಸುತ್ತಿ, ಯಾವ ಬಾಗಿಲಿನದೆಂದು ಒಂದು ಚೀಟಿ ಬರೆದು ಕಟ್ಟಿ, ಪೆಟ್ಟಿಗೆಯೊಳಗೆ ಮಡಿಸಿಡಿ.