ಚೀಟಿ ಬರೆಯುವ ಸುಖ

ಗಿಡಗಳನ್ನು ಹಾಳೆಗಳ ನಡುವೆ ಒತ್ತಿ ಒಣಗಿಸುತ್ತಾರೆ. ನಕ್ಷತ್ರ ಅಣಬೆಯನ್ನು ಹಾಗೆ ಒತ್ತಿದರೆ ಕೆಟ್ಟಿತು. ಬೆಚ್ಚಗಿನ ಗಾಳಿಯಲ್ಲಿ ಒಣಗಿಸಿ, ಕಾಗದದ ಪೊಟ್ಟಣದೊಳಗಿಟ್ಟು, ಮೇಲೊಂದು ಚೀಟಿ ಅಂಟಿಸಬೇಕು. ಹುಡುಕಾಟಕ್ಕಿಂತ ಆ ಚೀಟಿ ಬರೆಯುವುದೇ ನನಗೆ ಹೆಚ್ಚು ಇಷ್ಟ.

ಮಲೆನಾಡಿನವರಿಗೆ ಆಷಾಢದಲ್ಲೇ ಅಣಬೆ. ಮಧುಗಿರಿ, ಶಿರಾ ಕಡೆಯ ನಮಗೆ ಉತ್ತರೆ, ಹಸ್ತ ಮಳೆ ಬರಬೇಕು. ಇಲ್ಲಿನ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನದು. ಹದವಾಗಿ ಸುರಿದ ಮೇಲೆ ಹೊಂಗೆ ತೋಪಿನ ತರಗೆಲೆ ಸರಿಸಿದರೆ ಗೋಲಿಯಷ್ಟು ದಪ್ಪದ ಉಂಡೆ. ಅದರ ಹೊರಸಿಪ್ಪೆ ಬಿರಿದು, ಎಸಳೆಸಳಾಗಿ ಹಿಂದಕ್ಕೆ ಬಾಗುತ್ತದೆ. ನಡುವೆ ಉಳಿಯುವ ಚೀಲದ ನೆತ್ತಿಯಲ್ಲೊಂದು ತೂತು. ಮಳೆಹನಿ ಬಿದ್ದರೆ ಬೀಜಾಣುಗಳ ಕಂದು ಪುಡಿ ಪುಸ್ಸೆಂದು ಹಾರುತ್ತದೆ. ಹನಿಗೆ ಕಾಯುವ ತಾಳ್ಮೆ ನನಗಿಲ್ಲ, ಬೆರಳಲ್ಲೇ ತಟ್ಟುತ್ತೇನೆ.

“ತಿನ್ನಕ್ಕಾಗುತ್ತೇನಣ್ಣ?” ಎಂದು ಕುರಿ ಕಾಯುವ ಹುಡುಗ ಕೇಳಿದ. ಇಲ್ಲಪ್ಪ ಎಂದೆ. “ಮತ್ಯಾಕೆ?” ಅದಕ್ಕೆ ಚೀಟಿಯಲ್ಲಿ ಜಾಗವಿಲ್ಲ.

ಜಾಗವಿರುವುದು ಜಾತಿಗೆ, ತಾರೀಖಿಗೆ, ಊರಿಗೆ, ಮರಕ್ಕೆ. ಮೊದಲನೆಯದೇ ತಕರಾರಿನದು. ನಕ್ಷತ್ರ ಅಣಬೆಯ ಕುಲದ ಹೆಸರು ಜಿಯಾಸ್ಟ್ರಮ್; ಒಣಗಿದರೆ ಎಸಳು ಮುಚ್ಚಿ, ನೆನೆದರೆ ಬಿಚ್ಚುವ ಇನ್ನೊಂದು ಅಣಬೆಯನ್ನೂ ಶಿಲೀಂಧ್ರ ವಿಜ್ಞಾನಿ ಪರ್ಸೂನ್ 1801ರಲ್ಲಿ ಜಿಯಾಸ್ಟ್ರಮ್ ಎಂದೇ ಕರೆದ. 1889ರಲ್ಲಿ ಮಾರ್ಗನ್ ಅದನ್ನು ಆಸ್ಟ್ರಿಯಸ್ ಎಂದು ಬೇರೆ ಮಾಡಿದ. ಡಿಎನ್‌ಎ ನೋಡಿದರೆ ಎರಡಕ್ಕೂ ಹತ್ತಿರದ ನೆಂಟಸ್ತನವೇ ಇಲ್ಲ! ಕರಾವಳಿಯವರು ಎಳೆಯದಿರುವಾಗಲೇ ತಂದು ಸಾರು ಮಾಡುವ ಕಲ್ಲಣಬೆ ಈ ಆಸ್ಟ್ರಿಯಸ್ಸೇ. ಅದು ಜೀವಂತ ಮರದ ಬೇರಿನ ಜೊತೆ ಬಾಳುತ್ತದೆ, ಜಿಯಾಸ್ಟ್ರಮ್‌ಗೆ ಕೊಳೆತ ಎಲೆ ಸಾಕು. ಆದ್ದರಿಂದ ಯಾವ ಮರದ ಕೆಳಗೆ ಎಂಬುದನ್ನು ಬಿಡುವಂತಿಲ್ಲ. ಜಾತಿಯ ಹೆಸರಿನ ಎರಡನೆಯ ಪದವನ್ನು ಮಾತ್ರ ಸೂಕ್ಷ್ಮದರ್ಶಕಕ್ಕೆ ಬಿಟ್ಟು ಖಾಲಿ ಇಡುತ್ತೇನೆ, ಪೆನ್ಸಿಲಿನಲ್ಲೂ ಊಹೆ ಬರೆಯುವುದಿಲ್ಲ.

ಊರಿನ ಸಾಲಿಗೆ ಬಂದರೆ ಕೈ ಉದಾರವಾಗುತ್ತದೆ. ಅಕ್ಷಾಂಶ ರೇಖಾಂಶ ಮೊಬೈಲೇ ಕೊಡುತ್ತದೆ, ಸರಿ. ಆದರೂ ಬರೆಯುತ್ತೇನೆ: ಕೊರಟಗೆರೆ ತಾಲ್ಲೂಕು, ಸಿದ್ದರಬೆಟ್ಟ, ಮೆಟ್ಟಿಲಿನ ಎಡಕ್ಕೆ, ಬಂಡೆಯ ನೆರಳು, ನೆಲ ಇನ್ನೂ ತಂಪು. ಶಿಲೀಂಧ್ರ ವಿಜ್ಞಾನಿ ಬಟ್ಲರ್ 1905ರಲ್ಲಿ ಬಿಹಾರದ ಪೂಸಾದಲ್ಲಿ ಶುರುಮಾಡಿದ ಶಿಲೀಂಧ್ರ ಹರ್ಬೇರಿಯಂ, ಅಂದರೆ ಒಣ ಮಾದರಿಗಳ ಸಂಗ್ರಹ, ಈಗ ದೆಹಲಿಯಲ್ಲಿದೆ. ಅಂಥ ಕಡೆ ಪೊಟ್ಟಣ ಸೇರಿದರೆ ಬರೆದವನು ಹೋದ ಮೇಲೂ ಚೀಟಿ ಮಾತಾಡಬೇಕು, ದಾರಿ ತೋರಿಸಬೇಕು.

ಪಾವಗಡದ ಪೊಟ್ಟಣಗಳು ಕಮ್ಮಿ, ಮಳೆಯೇ ಕಮ್ಮಿ. ಅದಕ್ಕೇ ತಾರೀಖಿನ ಪಕ್ಕ ‘ಹಸ್ತ, ಎರಡನೇ ಪಾದ’ ಎಂದು ಮಳೆಯ ಹೆಸರನ್ನೂ ಸೇರಿಸುತ್ತೇನೆ. ಹರ್ಬೇರಿಯಂನವರಿಗೆ ಬೇಡವಾದರೆ ಹೊಡೆದುಹಾಕಲಿ.